ನನ್ನ ಕಣ್ಣ ಕೆಳಗಿನ ಕಪ್ಪಿಗೆ ಅತ್ತೆ ಹುಡುಕಿದ ಮದ್ದು

ಮದುವೆಯಾಗಿ ದಾಂಡೇಲಿಗೆ ಬರುವವರೆಗೆ ನನ್ನ ಕಣ್ಣ ಕೆಳಗೆ ಕಪ್ಪು ಇದೆಯೆಂಬುದು ನನಗೇ ಗೊತ್ತಿರಲಿಲ್ಲ. ನನ್ನ ತವರು ಹಳಿಯಾಳದ ಹತ್ತಿರದ ತೇರಗಾಂವ. ಅಲ್ಲಿ ನಮ್ಮ ಮನೆಗೆ ಆಗಿನ್ನೂ ವಿದ್ಯುತ್ ಬಂದಿರಲಿಲ್ಲ. ಇಡೀ ಮನೆಗೆ ಇದ್ದದ್ದು ಅಂಗೈಯಗಲದ ಒಂದು ಕನ್ನಡಿ. ಅದನ್ನು ತಲಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದರು. ಹೊರಗಿನ ಬೆಳಕಿಗೆ ಮುಖ ಮಾಡಿ ನಿಂತು, ವಿಭೂತಿ ಕುಂಕುಮ ನೆಟ್ಟಗೆ ಕೂತಿದೆಯೇ ಎಂದು ನೋಡಿಕೊಂಡರೆ ಕನ್ನಡಿಯ ಕೆಲಸ ಮುಗಿಯುತ್ತಿತ್ತು.

ನನ್ನ ಗಂಡನಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ಕಾಡಿನಿಂದ ಬಂದ ಬಿದಿರಿನ ರಾಶಿ ಗುಡ್ಡದಂತೆ ಬಿದ್ದಿರುತ್ತಿತ್ತು, ಗಾಳಿ ಬೀಸಿದರೆ ಅದರ ಧೂಳು ನಮ್ಮ ಓಣಿಗೆ ಬರುತ್ತಿತ್ತು. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ನಾನು, ಗಂಡ, ಅತ್ತೆ, ಮೂವರೇ. ಮಾವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಮುಂದಿನ ಕೋಣೆಯ ಮೇಲಿಂದ ಒಂದು ಬಲ್ಬು ಇಳಿಬಿದ್ದಿತ್ತು, ಅದರ ಕೆಳಗೆ ಗೋಡೆಗೆ ದೊಡ್ಡ ಕನ್ನಡಿ. ಒಂದು ಸಂಜೆ ದೀಪ ಹಾಕಿ ತಲೆ ಬಾಚಿಕೊಳ್ಳಲು ನಿಂತೆ. ಕನ್ನಡಿಯೊಳಗಿನ ಹೆಂಗಸಿನ ಎರಡೂ ಕಣ್ಣ ಕೆಳಗೆ ಸಣ್ಣ ಚೀಲಗಳಿದ್ದವು, ಚೀಲದ ಅಡಿಗೆ ಇದ್ದಲಿಯಿಂದ ತೀಡಿದಂಥ ಕಪ್ಪು. ನನಗೆ ಭಯಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಬೆರಳಿನಿಂದ ಒತ್ತಿ ನೋಡಿದೆ. ಮೆತ್ತಗಿತ್ತು, ನೋವಿರಲಿಲ್ಲ.

ಹಿಂದೆ ನಿಂತಿದ್ದ ಅತ್ತೆಯೂ ನೋಡಿದರು.

"ಇಲ್ಲೆ ಬಾ, ಮಾರಿ ಮ್ಯಾಲೆ ಎತ್ತು. ಇದೇನಿದು? ನಿದ್ದಿ ಬರೂದಿಲ್ಲೇನು?"

"ಬರ್ತೈತ್ರಿ."

"ತವರಮನಿ ನೆನಸಿ ಅಳ್ತಿ?"

"ಇಲ್ರೀ ಅತ್ತಿ."

"ಮತ್ಯಾಕ ಹಿಂಗ? ನಾಳೆ ನಿಮ್ಮವ್ವ ಬಂದ್ರ ಏನಂದಾಳು? ಸೊಸಿಗೆ ಕೂಳ ಹಾಕೂದಿಲ್ಲ, ದುಡಿಸಿ ಹಾಕ್ಯಾಳ ಅಂತ ಮಂದಿ ಅನ್ನೂದಿಲ್ಲೇನು ನನಗ?"

ನನ್ನ ಮುಖದ ಮೇಲಿದ್ದದ್ದು ಅತ್ತೆಯ ಮಾನದ ಪ್ರಶ್ನೆಯಾಗಿಬಿಟ್ಟಿತು. ಮರುದಿನ ಬೆಳಿಗ್ಗೆಯಿಂದಲೇ ಮದ್ದು ಶುರು.

ಮೊದಲು ಜಾಜಿಕಾಯಿ. ಸಾಣೆಕಲ್ಲಿನ ಮೇಲೆ ಹಾಲು ಬಿಟ್ಟು ತೇಯ್ದು, ಗಂಧದಂತೆ ಕಣ್ಣ ಕೆಳಗೆ ಹಚ್ಚಿದರು. ಒಣಗಿದಾಗ ಚರ್ಮ ಬಿಗಿದು, ನಕ್ಕರೆ ಬಿರುಕು ಬಿಡುತ್ತಿತ್ತು. "ನಗಬ್ಯಾಡ" ಎಂದು ಅತ್ತೆ ಗದರಿದಷ್ಟೂ ನಗು ಬರುತ್ತಿತ್ತು. ಆಮೇಲೆ ಸೌತೆಕಾಯಿ. ಮಧ್ಯಾಹ್ನ ಮಲಗಿಸಿ, ಎರಡು ಬಿಲ್ಲೆ ಕೊಯ್ದು ಕಣ್ಣ ಮೇಲೆ ಇಟ್ಟರು. ತಣ್ಣಗೆ ಹಿತವಾಗಿತ್ತು, ನಿದ್ದೆ ಬಂತು. ಪಾಳಿ ಮುಗಿಸಿ ಬಂದ ಗಂಡ ಬಾಗಿಲಲ್ಲೇ ನಿಂತು, "ಯವ್ವಾ, ಏನಾತ ಈಕಿಗೆ?" ಎಂದು ಕೂಗಿಕೊಂಡ. ನಾನು ಎದ್ದು ಕೂತಾಗ ಬಿಲ್ಲೆಗಳು ಮಡಿಲಿಗೆ ಬಿದ್ದವು. ಅತ್ತೆ ಅವನ್ನು ತೊಳೆದು, ಉಪ್ಪು ಸವರಿ ತಿಂದರು.

ಪಕ್ಕದ ಮನೆಯಾಕೆ ಜೋಯಿಡಾ ಕಡೆಯವಳು, ಕೊಂಕಣಿ ಮಾತಾಡುತ್ತಿದ್ದಳು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಉಂಗುರ ಬೆರಳಿನಿಂದ ಮೆಲ್ಲಗೆ ತೀಡಬೇಕೆಂದು ಹೇಳಿ ತಾನೇ ತೀಡಿ ತೋರಿಸಿದಳು. ಎದುರು ಮನೆಯ ಮರಾಠಿ ಬಾಯಿ ನಿಂಬೆರಸ ಎಂದರು. ಅದು ಉರಿದು, ಕಣ್ಣು ಕೆಂಪಾಗಿ, ನಾನು ಎರಡು ದಿನ ತಿಕ್ಕಿಕೊಂಡು ತಿಕ್ಕಿಕೊಂಡು ಕಪ್ಪು ಇನ್ನಷ್ಟಾಯಿತು. ಹಳಿಯಾಳದ ಸಂತೆಯಲ್ಲಿ ಅತ್ತರು ಮಾರುವ ಸಾಬರ ಮುಂದೆ ಅತ್ತೆ ನನ್ನನ್ನು ನಿಲ್ಲಿಸಿದರು. ಆತ ಸುರ್ಮಾದ ಡಬ್ಬಿ ತೆಗೆದು, "ಕಣ್ಣಾಗ ಇದನ್ನ ಹಾಕ್ರಿ ಬೇಟಿ. ಕಣ್ಣೇ ಕಪ್ಪಾದ್ರ ಕೆಳಗಿನ ಕಪ್ಪು ಯಾರ ನೋಡ್ತಾರ?" ಎಂದ. ಅತ್ತೆ ಆ ಮಾತನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ವಿಚಾರ ಮಾಡಿದರು. "ಅಂವ ಹೇಳಿದ್ದರಾಗ ಸುಳ್ಳಿಲ್ಲ. ಆದ್ರ ಅದು ಮದ್ದಲ್ಲ, ಮುಚ್ಚೂದು" ಎಂದು ಕೊನೆಗೆ ತೀರ್ಮಾನಿಸಿದರು.

ಅತ್ತೆಯ ಅಕ್ಕ ಮುಂಡಗೋಡದ ಹತ್ತಿರ ಚಿಗಳ್ಳಿಯಲ್ಲಿದ್ದರು. ಒಮ್ಮೆ ಬಂದವರು ನನ್ನ ಮುಖ ನೋಡಿ, "ಇದು ಹಚ್ಚೂ ಮದ್ದಿಗೆ ಹೋಗೂದಲ್ಲ. ಬಳಿ ಚೂರು ಕಾಸಿ ಕಪಾಳದ ಮ್ಯಾಲೆ ಒಂದು ಬರಿ ಕೊಡ್ರಿ. ನಮ್ಮೂರಾಗ ಕೊಡೋವ್ರು ಅದಾರ" ಎಂದರು. ನಾನು ಎರಡೂ ಕೈಯಿಂದ ಕೆನ್ನೆ ಮುಚ್ಚಿಕೊಂಡೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಕ್ಕನ ಕಡೆ ತಿರುಗಿದರು.

"ನನ್ನ ಸೊಸಿ ಮಾರಿಗೆ ಬೆಂಕಿ ತೋರಸ್ತಿ? ಆ ಮಾತ ಮತ್ತ ಆಡಬ್ಯಾಡ."

ಅಲ್ಲಿಯವರೆಗೆ ನಾನು ಅವರಿಗೆ ಹೆದರುತ್ತಿದ್ದೆ. ಆ ದಿನದಿಂದ ಹೆದರಿಕೆ ಹೋಯಿತು. ಅಕ್ಕ ಊರಿಗೆ ಹೊರಟ ಮೇಲೆ ಅತ್ತೆಯೇ, "ನಡಿ, ಡಾಕ್ಟರ ಕಡೆ ಹೋಗೂಣು" ಎಂದರು.

ಡಾಕ್ಟರು ಬೆಳಗಾವಿ ಕಡೆಯವರು. ಅವರ ಕನ್ನಡದ ನಡುನಡುವೆ ಮರಾಠಿ ಬರುತ್ತಿತ್ತು. ಅವರ ದವಾಖಾನೆಗೆ ಕೆಲವು ಮೆಟ್ಟಿಲು ಹತ್ತಬೇಕಿತ್ತು. ಅತ್ತೆ ನಡುವೆ ಒಮ್ಮೆ ಕೂತು, ಎದ್ದು, ಮತ್ತೆ ಹತ್ತಿದರು. ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಅವರು ಯಾವಾಗಲೂ ಹಾಗೇ ಹತ್ತುತ್ತಿದ್ದರು.

"ಬಸಾ, ಬಸಾ. ಯಾರಿಗೆ ಏನಾಗೇತಿ?" ಎಂದು ಕುರ್ಚಿ ತೋರಿಸಿದರು ಡಾಕ್ಟರು.

ಅತ್ತೆ ಜಾಜಿಕಾಯಿಯಿಂದ ಸುರ್ಮಾದವರೆಗೆ ಎಲ್ಲವನ್ನೂ ಹೇಳಿದರು. ಡಾಕ್ಟರು ನಗದೆ ಕೇಳಿದರು. ಆಮೇಲೆ ನನ್ನ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿ, "ಈಗ ನೋಡ್ರಿ" ಎಂದರು.

"ಅಯ್ಯ, ಅರ್ಧ ಹೋತಲ್ರಿ!" ಎಂದರು ಅತ್ತೆ.

"ಬಲ್ಬು ತಲಿ ಮ್ಯಾಲೆ ಇರ್ತೈತಿ. ಕಣ್ಣ ಕೆಳಗ ಉಬ್ಬಿದ್ರ ಅದರ ನೆರಳು ಕೆಳಗ ಬೀಳ್ತೈತಿ. ಅರ್ಧ ಕಪ್ಪು ಆ ನೆರಳಿಂದ. ಇನ್ನರ್ಧ ಈಕಿ ಮಾಡಕೊಂಡದ್ದು."

ನಾನು ಮಾಡಿಕೊಂಡದ್ದೇ? ಕೇಳಬೇಕೆನ್ನುವಷ್ಟರಲ್ಲಿ ಸೀನು ಬಂತು, ಸೀನಿ ಕಣ್ಣು ತಿಕ್ಕಿಕೊಂಡೆ. "ಇದ ನೋಡ್ರಿ, ಇದ!" ಎಂದು ಡಾಕ್ಟರು ಬೆರಳು ಮಾಡಿದರು. ಧೂಳಿಗೆ ನನಗೆ ಬೆಳಿಗ್ಗೆ ಸೀನು ಹತ್ತುತ್ತಿತ್ತು, ಕಣ್ಣು ಕಡಿಯುತ್ತಿತ್ತು. ತಿಕ್ಕಿದಲ್ಲಿ ಚರ್ಮ ಕಪ್ಪಾಗುತ್ತದಂತೆ. ತಿಕ್ಕುವುದನ್ನು ಬಿಟ್ಟು ತಣ್ಣೀರಿನ ಬಟ್ಟೆ ಇಡು, ಗುಡಿಸುವಾಗ ಮೂಗಿಗೆ ಸೆರಗು ಕಟ್ಟಿಕೋ, ತಲೆದಿಂಬು ಸ್ವಲ್ಪ ಎತ್ತರ ಮಾಡಿಕೋ, ಉಪ್ಪಿನಕಾಯಿ ಕಡಿಮೆ ಮಾಡು. ಅಷ್ಟೇ ಮದ್ದು. ಸೌತೆಕಾಯಿಯನ್ನು ಬೇಕಾದರೆ ಮುಂದುವರಿಸಬಹುದು, ಅದು ತಂಪು, ಆದರೆ ನಿಂಬೆ ಬೇಡ ಎಂದರು.

"ಮತ್ತ ಈ ಚೀಲ?" ಎಂದರು ಅತ್ತೆ.

"ಈಕಿ ಮನ್ಯಾಗ ಮತ್ತ ಯಾರಿಗರೆ ಐತೇನು?"

ನಾನು ನೆನಪು ಮಾಡಿಕೊಳ್ಳುತ್ತಿದ್ದೆ. ಅತ್ತೆಯೇ ಉತ್ತರ ಕೊಟ್ಟರು. "ಈಕಿ ಅಪ್ಪಗ ಐತ್ರಿ. ಹೆಣ್ಣ ನೋಡಾಕ ಹೋದಾಗ ನಾನು ನೋಡೇನಿ."

"ಹಂಗಾರ ಇದು ಹುಟ್ಟಿನಿಂದ ಬಂದದ್ದು. ಹೋಗೂದಿಲ್ಲ."

"ಕೊಯ್ದು ತೆಗೀತಾರೇನ್ರಿ?" ಎಂದು ನಾನು ಕೇಳಿದೆ. ಅತ್ತೆ ನನ್ನ ಕೈ ಚಿವುಟಿದರು.

"ಮುಂಬೈದಾಗ ಮಾಡ್ತಾರಂತ. ಒಳಗ ಸ್ವಲ್ಪ ಚರಬಿ, ಅಂದ್ರ ಕೊಬ್ಬು, ಇರ್ತೈತಿ, ಅದನ್ನ ತೆಗದು ಹೊಲೀತಾರ. ನಿನಗ ಬೇಕೇನು?"

"ಬ್ಯಾಡ್ರಿ. ತಿಳಕೊಳ್ಳಾಕ ಕೇಳಿದೆ."

ಡಾಕ್ಟರಿಗೆ ನಗು ಬಂತು. ಕೊನೆಗೆ ನನ್ನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಕ್ಕೆಳೆದು ಒಳಗೆ ನೋಡಿದರು. "ಛಲೋ ಕೆಂಪ ಐತಿ. ಮೈಯಾಗ ರಕ್ತ ಬೇಕಾದಷ್ಟ ಐತಿ. ಈಕಿಗೆ ಏನೂ ಆಗಿಲ್ಲ." ಹಾಗೆನ್ನುತ್ತ ಅವರ ದೃಷ್ಟಿ ಅತ್ತೆಯ ಮೇಲೆ ನಿಂತಿತು. "ಅವ್ವಾರ, ಕಿಟಕ್ಯಾಗಿಂದ ನೋಡಿದೆ, ನೀವು ಮೆಟ್ಟಲದ ಮ್ಯಾಲೆ ಯಾಕ ಕುಂತ್ರಿ?"

"ವಯಸ್ಸಾತಲ್ರಿ."

"ಬಘೂ, ನೋಡೂಣು" ಎಂದು ಅತ್ತೆಯ ಕೆಳರೆಪ್ಪೆಯನ್ನೂ ಎಳೆದರು. ನಾನೂ ಬಾಗಿ ನೋಡಿದೆ. ಅತ್ತೆಯದು ತುಂಬು ಮುಖ, ನುಣುಪು ಚರ್ಮ. ಕಣ್ಣ ಕೆಳಗೆ ಒಂದು ಗೆರೆ ಕೂಡ ಇರಲಿಲ್ಲ. ಆದರೆ ರೆಪ್ಪೆಯ ಒಳಗು ನೀರಿನಲ್ಲಿ ನೆನೆದ ಕಾಗದದಂತೆ ಬೆಳ್ಳಗಿತ್ತು. ಡಾಕ್ಟರು ಉಗುರು ನೋಡಿದರು, ನಾಲಿಗೆ ನೋಡಿದರು. ಏನು ಉಣ್ಣುತ್ತೀರಿ ಎಂದು ಕೇಳಿದರು.

"ಎಲ್ಲಾರ್ದೂ ಆದ ಮ್ಯಾಲೆ ಉಳದದ್ದು. ಮಧ್ಯಾಹ್ನ ಹಸಿವಿ ಇರೂದಿಲ್ರಿ, ಚಹಾ ಕುಡೀತೇನಿ."

"ಹಿತ್ತಲದಾಗ ಬರಿಗಾಲಿಲೆ ಅಡ್ಡಾಡ್ತೀರಿ?"

"ಕಾಯಿಪಲ್ಲೆ ಬೆಳಸೇನ್ರಿ. ಅಲ್ಲೆ ಚಪ್ಪಲ್ ಮೆಟ್ಟಿ ಯಾರ ಹೋಗ್ತಾರ?"

ಹಸಿಮಣ್ಣಿನಿಂದ ಒಂದು ಬಗೆಯ ಹುಳ ಅಂಗಾಲಿನ ಮೂಲಕ ಒಳಗೆ ಹೋಗಿ ಕರುಳಿನಲ್ಲಿ ಕೂತು ರಕ್ತ ಕುಡಿಯುತ್ತದೆ ಎಂದು ಡಾಕ್ಟರು ಹೇಳಿದಾಗ ಅತ್ತೆ ತಮ್ಮ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು. ಹುಳಕ್ಕೆ ಒಂದು ಔಷಧ, ರಕ್ತಕ್ಕೆ ಕಬ್ಬಿಣದ ಗುಳಿಗೆ. ಊಟದ ಜೊತೆ ಚಹಾ ಕುಡಿಯಬಾರದು. ಮನೆಗೆ ಬರುವಾಗ ದಾರಿಯಲ್ಲಿ ಅವರು ಒಂದೇ ಮಾತು ಆಡಿದರು. "ನಿನ್ನ ಮಾರಿ ತೋರ್ಸಾಕ ಹೋದ್ರ ನನಗ ರೋಗ ಬಂತಲ್ಲ."

ಗುಳಿಗೆಯನ್ನು ಕೆಲವು ದಿನ ನುಂಗಿ ನಿಲ್ಲಿಸಿಬಿಟ್ಟರು. ಕೇಳಿದರೆ ಹೇಳಲೊಲ್ಲರು. ಬಹಳ ಒತ್ತಾಯ ಮಾಡಿದ ಮೇಲೆ ಕಿವಿಯಲ್ಲಿ ಹೇಳಿದರು, "ಹೊರಕಡಿ ಹೋದ್ರ ಕರೀ ಹೋಗ್ತೈತಿ. ಒಳಗ ಎಲ್ಲಾ ಸುಟ್ಟೈತಿ ಅನಸ್ತೈತಿ." ನಾನೇ ಹೋಗಿ ಡಾಕ್ಟರನ್ನು ಕೇಳಿ ಬಂದೆ. ಕಬ್ಬಿಣ ತಿಂದರೆ ಮಲ ಕಪ್ಪಾಗುವುದು ಸಹಜ, ಹೆದರಬೇಡಿ ಎಂದಿದ್ದರು. ಗುಳಿಗೆ ಮತ್ತೆ ಶುರುವಾಯಿತು.

ಊಟದ ವಿಷಯಕ್ಕೆ ಮಾತ್ರ ನಮ್ಮಿಬ್ಬರ ನಡುವೆ ಜಗಳವೇ ಆಯಿತು. ಮಗ ಉಂಡಾದ ಮೇಲೆ ನನಗೆ ಬಡಿಸಿ, ತಾವು ಕೊನೆಗೆ ಕೂಡುವುದು ಅವರ ಪದ್ಧತಿ. ಒಂದು ಮಧ್ಯಾಹ್ನ ನಾನು ಎರಡು ತಾಟು ಹಾಕಿ, ರೊಟ್ಟಿ, ಹುಣಸೀಕ ಸೊಪ್ಪಿನ ಪಲ್ಲೆ, ಶೇಂಗಾ ಚಟ್ನಿ ಬಡಿಸಿಕೊಂಡು ಕೈಕಟ್ಟಿ ಕೂತೆ.

"ಉಣ್ಣು" ಎಂದರು.

"ನೀವ ಕುಂದ್ರದ ನಾ ಉಣ್ಣೂದಿಲ್ರಿ."

"ಸೊಸಿ ಅತ್ತಿಗೆ ಹೇಳೂವಂಗ ಆತೇನು?"

ನಾನು ಏಳಲಿಲ್ಲ, ಅವರು ಕೂಡಲಿಲ್ಲ. ರೊಟ್ಟಿ ತಣ್ಣಗಾಯಿತು. ಕೊನೆಗೆ, "ಹಸಿದು ಕುಂತ್ರ ಮತ್ತ ಕಣ್ಣ ಕೆಳಗ ಕಪ್ಪಾಗ್ತೈತಿ ನಿನಗ" ಎಂದು ಗೊಣಗುತ್ತ ಎದುರಿಗೆ ಕೂತರು. ಅವತ್ತಿನಿಂದ ಇಬ್ಬರೂ ಒಟ್ಟಿಗೇ ಉಂಡೆವು.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಕಪ್ಪು ಬಹಳಷ್ಟು ತಿಳಿಯಾಗಿತ್ತು, ಚೀಲಗಳು ಇದ್ದಂತೆಯೇ ಇದ್ದವು. ಅತ್ತೆ ಒಂದು ಜೊತೆ ರಬ್ಬರ್ ಚಪ್ಪಲಿ ಮೆಟ್ಟಿ ಪಟಪಟ ಸದ್ದು ಮಾಡುತ್ತ ಹಿತ್ತಲಿಗೆ ಹೋಗುತ್ತಿದ್ದರು. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ರೆಪ್ಪೆ ಎಳೆದುಕೊಳ್ಳುವುದು ಅವರಿಗೆ ಚಾಳಿಯಾಯಿತು. "ಬಾ ಇಲ್ಲೆ, ನಿನ್ನೆಗಿಂತ ಕೆಂಪಾಗೇತಿಲ್ಲ?" ಎಂದು ನನ್ನನ್ನು ಕರೆಯುತ್ತಿದ್ದರು.

ತಮ್ಮದು ಕೆಂಪಾದ ಮೇಲೆ ಮಂದಿಯದಕ್ಕೆ ಕೈ ಹಾಕಿದರು. ಓಣಿಯ ಹೆಂಗಸರೆಲ್ಲ ನೀರಿಗೆ ಸೇರುವ ನಳದ ಹತ್ತಿರ, "ನಿಂದ್ರು, ಕಣ್ಣ ತೋರ್ಸು" ಎಂದು ಒಬ್ಬೊಬ್ಬರ ರೆಪ್ಪೆ ಎಳೆಯುತ್ತಿದ್ದರು. ಮೊದಮೊದಲು ಎಲ್ಲರೂ ನಕ್ಕರು. ಕೊಬ್ಬರಿ ಎಣ್ಣೆ ತೀಡಿದ್ದ ಪಕ್ಕದ ಮನೆಯಾಕೆ ಆಗ ಬಸುರಿ. ಅವಳದು ಬೆಳ್ಳಗೆ ಕಂಡಿತು. ಅತ್ತೆ ಅವಳ ಕೊಡ ಅಲ್ಲೇ ಇಡಿಸಿ, ಕೈ ಹಿಡಿದು ಡಾಕ್ಟರ ಬಳಿ ಕರೆದೊಯ್ದರು. ಅವಳಿಗೂ ಗುಳಿಗೆ ಬಂತು. ಹೆರಿಗೆ ಸುಸೂತ್ರವಾದ ಮೇಲೆ ನಗುವುದು ನಿಂತಿತು. ಹೆಂಗಸರು ತಾವಾಗಿಯೇ ಬಂದು ಮುಖ ಮೇಲೆತ್ತಿ ನಿಲ್ಲುತ್ತಿದ್ದರು.

ಒಂದು ದಿನ ನಳಕ್ಕೆ ಹೊಸ ಮದುವಣಗಿತ್ತಿಯೊಬ್ಬಳು ಬಂದಳು. ಎದುರು ಮನೆಯ ಬಾಯಿ ಅವಳನ್ನು ನೋಡಿ, "ಏನ ಕಪ್ಪ ಕಣ್ಣ ಕೆಳಗ! ಅತ್ತಿ ನಿದ್ದಿ ಮಾಡಾಕ ಬಿಡೂದಿಲ್ಲೇನು?" ಎಂದರು. ಹುಡುಗಿ ತಲೆ ತಗ್ಗಿಸಿ ಸೆರಗು ಮುಂದಕ್ಕೆಳೆದುಕೊಂಡಳು. ಅತ್ತೆ ಚಪ್ಪಲಿ ಸದ್ದು ಮಾಡುತ್ತ ಹೋಗಿ, ಗದ್ದ ಹಿಡಿದೆತ್ತಿ, ಬೆಳಕಿಗೆ ತಿರುಗಿಸಿ ಎರಡೂ ರೆಪ್ಪೆ ಎಳೆದು ನೋಡಿದರು.

"ಒಳಗ ಕೆಂಪ ಐತಿ. ಬಿಡ್ರಿ ಆಕಿನ್ನ" ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿ, "ಬಾ ಮಗಳ, ನಿನ್ನ ಕೊಡಾ ತುಂಬೇತಿ, ನಾ ಎತ್ತಿ ಕೊಡ್ತೇನಿ" ಎಂದರು.