ಬಡಿಸುವವಳು ಕಂಡ ಚಿತ್ರ

ಮೊಳಕಾಲ್ಮೂರಿನಲ್ಲಿ ನೇಕಾರ ಸೋಮಶೇಖರಪ್ಪನವರ ರೇಷ್ಮೆ ಸೀರೆಯೆಂದರೆ ಹೆಸರು. ನೂಲಿಗೆ ಬಣ್ಣ ಅದ್ದುವುದು, ಕಂಡಿಕೆಗೆ ಸುತ್ತುವುದು, ಹರಿದ ಎಳೆ ಹೊಸೆದು ಕೂಡಿಸುವುದು ಹೆಂಡತಿ ಸೂರಮ್ಮನ ಪಾಲು. ಮಗ್ಗದಲ್ಲಿ ಕೂರುವುದು ಅವರ ಪಾಲು. ಹಾಗಾಗಿ ಸೀರೆ ಅವರದು. ಸೆರಗಿಗೆ ಹೊಸ ಚಿತ್ತಾರವನ್ನು ಒಲೆ ಮುಂದೆ ಇದ್ದಿಲಲ್ಲಿ ಬರೆದು ತೋರಿಸಿದವಳು ಸೂರಮ್ಮನೇ ಆದರೂ ಸನ್ಮಾನದ ಶಾಲು ಬೀಳುತ್ತಿದ್ದುದು ಅವರ ಹೆಗಲಿಗೆ. ಆ ಶಾಲನ್ನು ಒಗೆದು ಮಡಿಸುವುದು ಮತ್ತೆ ಅವಳ ಪಾಲಿಗೆ.

ನೆಲದ ಮೇಲೆ ಊಟಕ್ಕೆ ಕೂತರೆ ಅವರು ಬಾಯಿಬಿಟ್ಟು ಕೇಳುವವರಲ್ಲ. ಬೆರಳಿಂದ ತಟ್ಟೆಯಂಚಿಗೆ ಟಕ್ ಎಂದರೆ ಮುದ್ದೆ, ಟಕ್ ಟಕ್ ಎಂದರೆ ಸಾರು. ತಲೆ ಎತ್ತುತ್ತಿರಲಿಲ್ಲ. ಮದುವೆಯಾದಾಗಿನಿಂದ ಸೌಟು ಹಿಡಿದು ನಿಂತ ಸೂರಮ್ಮ ಗಂಡನ ಮುಖಕ್ಕಿಂತ ನೆತ್ತಿಯನ್ನೇ ಹೆಚ್ಚು ನೋಡಿದ್ದಳು. ಅಲ್ಲಿ ಕೂದಲು ಉದುರತೊಡಗಿದ್ದು ಅವರಿಗಿಂತ ಮೊದಲು ಅವಳಿಗೆ ಗೊತ್ತಾಗಿತ್ತು.

ಹೋದ ವರ್ಷ ಮಂಡಿ ಆಪರೇಷನ್ ಆದಾಗ ಅವಳು ಚಳ್ಳಕೆರೆಯಲ್ಲಿ ಮೆಸ್ ನಡೆಸುವ ತಂಗಿ ತಿಪ್ಪೇರುದ್ರಮ್ಮನ ಮನೆಯಲ್ಲಿ ಉಳಿದಳು. ಗಂಡನಿಂದ ದಿನಾ ಫೋನು: "ಉಪ್ಪಿನ ಡಬ್ಬಿ ಎಲ್ಲೈತೆ?" ಮಂಡಿ ಹೇಗಿದೆಯೆಂದು ಒಂದು ದಿನವೂ ಕೇಳಲಿಲ್ಲ.

ಪಕ್ಕದ ಮನೆಯ ಡ್ರಾಯಿಂಗ್ ಟೀಚರ್ ನಿರ್ಮಲಾ, ಹೊತ್ತು ಹೋಗಲೆಂದು ಬಣ್ಣ, ಕ್ಯಾನ್ವಾಸ್ ಕೊಟ್ಟಳು. ಸೂರಮ್ಮ ಬರೆದದ್ದು ಮರವಲ್ಲ, ಮನುಷ್ಯನಲ್ಲ. ನಡುವೆ ಎಣ್ಣೆ ಸವರಿದಂತೆ ಹೊಳೆಯುವ ಕಂದು ಗುಂಡು, ಸುತ್ತ ನಾಲ್ಕಾರು ಬೂದು ಎಳೆ. ಕೆಳಗೆ ಬೆಳ್ಳಿ ಬಣ್ಣದ ಅರ್ಧಚಂದ್ರ. ಅದರ ಅಂಚಿಗೆ ಬಂದು ಕುಟ್ಟುವ ದಪ್ಪ ಕೆಂಪು ಗೀಟು. ಆ ಕೆಂಪು ಬಳಿಯುವಾಗ ಹಲ್ಲು ಕಚ್ಚಿದ್ದಳು.

ನಿರ್ಮಲಾ ಚಳ್ಳಕೆರೆಯಲ್ಲೇ ಏರ್ಪಡಿಸಿದ್ದ ಪ್ರದರ್ಶನಕ್ಕೆ ಸೋಮಶೇಖರಪ್ಪ ಇಸ್ತ್ರಿ ಪಂಚೆ ಉಟ್ಟು ಬಂದರು. ಚಿತ್ರದ ಮುಂದೆ ಜನ ನಿಂತಿತ್ತು.

"ಉಳ್ಳಾರ್ತಿ ಕಾವಲಿನ ಬಯಲಲ್ಲಿ ಮುಳುಗೋ ಸೂರ್ಯ ಇರಬೇಕು," ಎಂದರು ಯಾರೋ.

ಸೋಮಶೇಖರಪ್ಪ ಗಂಟಲು ಸರಿಮಾಡಿಕೊಂಡರು. "ನಮ್ಮನೆಯವ್ಳು ಬರ್ದಿದ್ದು. ಐಡಿಯಾ ನಂದು. ನನ್ ಸೀರೆ ಸೆರಗಿನಾಗಿರೋ ಚಕ್ರ ಅದು."

ಸೀರೆಗಳೆಲ್ಲ ಅವರ ಹೆಸರಿಗೆ ಹೋದವು, ಈಗ ಇದೂ ಹೋಗುತ್ತದೆ. ಸೂರಮ್ಮ ಕೋಲೂರಿ ಮುಂದೆ ಬಂದಳು.

"ಹೌದ್ರಿ, ಇವರಿಂದಲೇ ಹುಟ್ಟಿದ್ದು. ಬರ್ರಿ, ಇಲ್ಲಿ ಕೂತ್ಕಳ್ರಿ, ಎಲ್ಲಾರಿಗೂ ತೋರಿಸ್ತೀನಿ."

ಫೋಟೋ ತೆಗೆಯುತ್ತಾರೆಂದು ಅವರು ಚಿತ್ರದ ಕೆಳಗೆ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ತಲೆ ಬಗ್ಗಿಸ್ರಿ. ಊಟಕ್ಕೆ ಕೂತಾಗ ಬಗ್ಗಿಸ್ತೀರಲ್ಲ, ಅಂಗೆ."

ಬಗ್ಗಿಸಿದರು.

"ಈಗ ನೋಡ್ರಿ ಎಲ್ಲಾರೂ. ಇದು ನೆತ್ತಿ. ಇದು ತಟ್ಟೆ. ಈ ಕೆಂಪು, ಇನ್ನೂ ಹಾಕು ಅಂತ ಕುಟ್ಟೋ ಬೆರಳು. ಇವರ ಮನೇಲಿ ಬಡಿಸ್ಕಂತ ನಿಂತು ನಾನು ಕಂಡಿದ್ದು ಇಷ್ಟೇ."

ಮೊದಲು ನಕ್ಕವರು ಹೆಂಗಸರು. "ಅಯ್ಯೋ ಶಿವನೇ, ನಮ್ಮನೆಯವ್ರದೂ ಇಂಗೇ ಐತಲ್ಲೇ!" ಎಂದಳೊಬ್ಬಳು.

ಸೋಮಶೇಖರಪ್ಪ ಗಡಬಡಿಸಿ ಎದ್ದರು. "ತೆಗಿ ಅದನ್ನ! ಮನೆಗೆ ಒಯ್ಯಾನ."

"ಮನೆಗ್ಯಾಕ್ರಿ? ಅಲ್ಲಿ ಅಸಲೇ ಐತಲ್ಲ."

"ಅಕ್ಕಾ, ನನ್ ಮೆಸ್ಸಿಗೆ ಕೊಡು," ಎಂದಳು ತಿಪ್ಪೇರುದ್ರಮ್ಮ. "ಗಂಡಸರು ಉಣ್ಣೋ ಸಾಲಿನ ಎದುರಿಗೇ ಹಾಕ್ತೀನಿ."

ಮೆಸ್ಸಿನ ಗೋಡೆಗೆ ಸೂರಮ್ಮ ತಾನೇ ನಿಂತು ಮೊಳೆ ಹೊಡೆಸಿದಳು. ಚಿತ್ರದ ಕೆಳಗಿನ ಚೀಟಿಯಲ್ಲಿ 'ಬರೆದವರು: ಸೂರಮ್ಮ' ಎಂಬ ಸಾಲಿನ ಮೇಲೆ, ಚಿತ್ರದ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಸಿದಳು: ಸೋಮಶೇಖರಪ್ಪ, ಮೊಳಕಾಲ್ಮೂರು.

ಚಳ್ಳಕೆರೆ ಸಂತೆಗೆ ಹೋಗಿ ಮೆಸ್ಸಿನಲ್ಲಿ ಉಂಡು ಬಂದವರ ಬಾಯಿಂದ ವಿಷಯ ತಿಳಿದು ಗಂಡ ಫೋನು ಮಾಡಿದರು. ಮೊದಲ ಸಲ ದನಿ ತಗ್ಗಿತ್ತು.

"ಚಿತ್ರ ಇದ್ರೆ ಇರ್ಲಿ. ಹೆಸರೊಂದು ತೆಗಿಸೇ."

"ಯಾಕ್ರಿ? ಎಲ್ಲಾದಕ್ಕೂ ನಿಮ್ಮ ಹೆಸರೇ ಇರ್ಬೇಕಲ್ವಾ?"