ಬಿಳಿ ಬಟ್ಟೆಗೆ ದಾಲ್ಚಿನ್ನಿ

ದುಭಾಷಿಯ ಚಹಾ ಯಾವಾಗಲೂ ಆರಿಯೇ ಇರುತ್ತದೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಿರಾಳವಾಗಿ ಗುಟುಕರಿಸುತ್ತಾರೆ. ಇಬ್ಬರ ಮಾತನ್ನೂ ಹೊರುವವನ ಬಾಯಿಗೆ ಮಾತ್ರ ಬಿಡುವಿಲ್ಲ. ಈ ಸತ್ಯ ನನಗೆ ಹೊಳೆದದ್ದು ಇಚಲಕರಂಜಿಯ ಅಣ್ಣನ ಮನೆಯಲ್ಲಿ, ಮಗ್ಗಗಳ ಸದ್ದಿಗೆ ಕಿಟಕಿ ಮುಚ್ಚಿ, ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು, ನಮ್ಮ ವೈನಿಯ, ಅಂದರೆ ಅತ್ತಿಗೆಯ, ಕನ್ನಡವನ್ನು ಶ್ರೀಲಂಕೆಗೆ ದಾಟಿಸುತ್ತ ಕುಳಿತಿದ್ದ ದಿನಗಳಲ್ಲಿ.

ನಾನು ಗಡಹಿಂಗ್ಲಜದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವವನು. ವಿದೇಶಾಂಗ ನೀತಿ ನನ್ನ ವಿಶೇಷ ವಿಷಯ. ನಾನು ಸ್ವತಃ ದಾಟಿದ ಗಡಿ ಎಂದರೆ ಸಂಕೇಶ್ವರದ ದಾರಿಯಲ್ಲಿ ಬರುವ ರಾಜ್ಯದ ಗಡಿಯೊಂದೇ. ಆದರೂ ಕನ್ನಡದಲ್ಲಿ ಯೋಚಿಸಿ, ಮರಾಠಿಯಲ್ಲಿ ಪಾಠ ಹೇಳಿ, ಇಂಗ್ಲಿಷಿನಲ್ಲಿ ಪ್ರಬಂಧ ಮಂಡಿಸುವ ನನಗೆ ಜಗತ್ತಿನ ಯಾವ ಬಿಕ್ಕಟ್ಟಿಗೂ ಪರಿಹಾರ ಸೂಚಿಸಲು ಸಂಕೋಚವಿರಲಿಲ್ಲ. ಆ ವರ್ಷ ಕೊಲ್ಹಾಪುರದ ವಿಚಾರ ಸಂಕಿರಣವೊಂದಕ್ಕೆ ನನ್ನನ್ನು ಕರೆದಿದ್ದರು. ಆರ್ಥಿಕ ಕುಸಿತದ ನಂತರ ದೇಶದೇಶಗಳ ನಡುವಿನ ಸಹಾಯ ಹೇಗಿರಬೇಕು ಎಂಬುದು ವಿಷಯ. ‘ದಾನಿ–ಗ್ರಾಹಿ ಸಂಬಂಧದಿಂದ ಸಹಭಾಗಿತ್ವದತ್ತ’ ಎಂಬ ನನ್ನ ಹಳೆಯ ನುಡಿಗಟ್ಟನ್ನು ಒರೆಸಿ ಹೊಳಪು ಕೊಡುತ್ತಿದ್ದೆ. ಅಷ್ಟರಲ್ಲಿ ಆ ವಿಷಯವೇ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಿತು.

ಅಣ್ಣ ಮಲ್ಲಪ್ಪ ಮತ್ತು ವೈನಿ ಗಿರಿಜಾ ವಿದ್ಯುತ್ ಮಗ್ಗಗಳಲ್ಲಿ ಬಿಳಿ ಬಟ್ಟೆ ನೇಯಿಸುತ್ತಾರೆ. ಕೆಲವು ವರ್ಷಗಳ ಹಿಂದೆ ಬಟ್ಟೆ ಹುಡುಕಿಕೊಂಡು ಶ್ರೀಲಂಕೆಯಿಂದ ಬಂದ ನಿಲ್ಮಿನಿ ಎಂಬ ಹೆಣ್ಣುಮಗಳು ವೈನಿಯ ಅಡುಗೆಮನೆಯಲ್ಲಿ ಕುಳಿತು ಭಾಕರಿ, ಖಾರ ಚಟ್ನಿ ಉಂಡು ಕಣ್ಣೀರು ಒರೆಸಿಕೊಂಡಳಂತೆ; ಖಾರಕ್ಕೆ ಹೆದರದೆ ಇನ್ನೊಂದು ಭಾಕರಿ ಕೇಳಿದಳೆಂದು ವೈನಿ ಅವಳನ್ನು ಅಲ್ಲೇ ಮೆಚ್ಚಿಬಿಟ್ಟರು. ಅವಳದು ಹೆಂಗಸರ ಹೊಲಿಗೆ ಸಂಘ. ಸುತ್ತಲಿನ ಶಾಲೆಗಳಿಗೆ ಸಮವಸ್ತ್ರ ಹೊಲಿಯುವ ಕೆಲಸ. ಅಂದಿನಿಂದ ಪ್ರತಿ ವರ್ಷ ಬಟ್ಟೆ ಇಲ್ಲಿಂದಲೇ ಹೋಗುತ್ತಿತ್ತು.

ಆ ವರ್ಷ ಬಟ್ಟೆ ನೇಯ್ದು ಮುಗಿದು ಗಂಟು ಕಟ್ಟುವ ಹೊತ್ತಿಗೆ ಆ ದೇಶದ ಬೊಕ್ಕಸವೇ ಬರಿದಾಯಿತು. ಪೆಟ್ರೋಲಿಗೆ ಸಾಲು, ಔಷಧಕ್ಕೆ ಸಾಲು. ಡಾಲರು ಎಂಬುದು ಅಲ್ಲಿ ಮಾತಿನಲ್ಲಷ್ಟೇ ಉಳಿದಿತ್ತು. ನಿಲ್ಮಿನಿ ಕರೆ ಮಾಡಿ, ಈ ಸಲ ಬಟ್ಟೆ ಬೇಡ, ಕ್ಷಮಿಸಿ ಎಂದಳು. ಸಂಘದ ಬಾಗಿಲು ಮುಚ್ಚುವುದು ಬಹುತೇಕ ಖಚಿತ. ಅಂಗಿಯಿಲ್ಲವೆಂದು ತಾಯಂದಿರು ಮಕ್ಕಳನ್ನು ಶಾಲೆಗೆ ಕಳಿಸಲು ಹಿಂಜರಿಯುತ್ತಿದ್ದಾರೆ ಎಂದೂ ಹೇಳಿದಳು.

“ಇಲ್ಲೇ ಪ್ಯಾಟಿಯೊಳಗ ಮಾರಿಬಿಡೂಣು,” ಎಂದ ಅಣ್ಣ. “ಲುಕ್ಸಾನ ಆದ್ರ ಆಗ್ಲಿ. ಮಗ್ಗ ನಿಂತ್ರ ನಮ್ಮ ಮಂದೀನೂ ಉಣಬೇಕಲ್ಲ?”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ವೈನಿ ಮಾತ್ರ ಒಪ್ಪಲಿಲ್ಲ. “ಅರ್ಧಾ ಮಾಲು ಹಂಗ ಕಳಸೂಣ್ರಿ. ಸಾಲಿ ಹುಡುಗರ ಬಟ್ಟಿ ಅದು. ಭಾವುಜಿ, ಅಕಿಗೆ ಹೇಳ್ರಿ, ರೊಕ್ಕ ಬ್ಯಾಡ ಅಂತ.”

ನಾನು ಗಂಟಲು ಸರಿಪಡಿಸಿಕೊಂಡು ಅದನ್ನು ‘ಮಾನವೀಯ ನೆರವು’ ಎಂಬ ಅರ್ಥದ ಭರ್ಜರಿ ಇಂಗ್ಲಿಷಿಗೆ ಏರಿಸಿದೆ. ಮೊಬೈಲಿನ ಪುಟ್ಟ ಚೌಕಟ್ಟಿನಲ್ಲಿ ನಿಲ್ಮಿನಿ ತಲೆ ತಗ್ಗಿಸಿದಳು.

“ಭಾವುಜಿ, ಏನ್ ಹೇಳಿದ್ರಿ ಅಕಿಗೆ? ಮಾರಿ ಯಾಕ ಸಣ್ಣ ಆತು?”

ನಿಲ್ಮಿನಿಯ ಉತ್ತರವನ್ನು ನಾನು ಅಲಂಕಾರವಿಲ್ಲದೆ ದಾಟಿಸಿದೆ: ನಿಮ್ಮ ಮನಸ್ಸು ದೊಡ್ಡದು, ಅಕ್ಕಾ. ಆದರೆ ನಮ್ಮ ಕೈಗಳಿಗೆ ಏನೂ ಆಗಿಲ್ಲ. ಈ ಸಲ ಪುಕ್ಕಟೆ ತೆಗೆದುಕೊಂಡರೆ ಮುಂದಿನ ಸಲ ಯಾವ ಮುಖ ಇಟ್ಟುಕೊಂಡು ನಿಮ್ಮನ್ನು ಕೇಳಲಿ? ನಮ್ಮ ಹೆಂಗಸರ ಮನೆಗಳಲ್ಲಿ ದಾಲ್ಚಿನ್ನಿ ಇದೆ. ಕೊಳ್ಳುವವರಿಲ್ಲದೆ ಕುಳಿತಿದೆ. ಅದು ನಿಮ್ಮ ಕಡೆ ನಡೆಯುತ್ತದೆಯೇ?

ಕೊಲ್ಹಾಪುರದ ಸೀಮೆಯವರನ್ನು ಮಸಾಲೆ ನಡೆಯುತ್ತದೆಯೇ ಎಂದು ಕೇಳುವುದೇ! ವೈನಿಯ ಕಣ್ಣು ಅರಳಿತು. ಆಗ ನನ್ನ ಪಾಂಡಿತ್ಯವೂ ಒಮ್ಮೆ ಉಪಯೋಗಕ್ಕೆ ಬಂತು. ಡಾಲರನ್ನು ಬದಿಗಿಟ್ಟು ರೂಪಾಯಿಯಲ್ಲೇ ವ್ಯಾಪಾರ ಮಾಡುವ ದಾರಿಯನ್ನು ಸರ್ಕಾರ ತೆರೆಯುತ್ತಿರುವುದನ್ನು ನನ್ನ ಪ್ರಬಂಧಕ್ಕಾಗಿ ಓದಿಕೊಂಡಿದ್ದೆ. ಕೊಲ್ಹಾಪುರದ ಮಸಾಲೆ ವ್ಯಾಪಾರಿ ದಾಲ್ಚಿನ್ನಿ ಕೊಂಡರೆ ಆ ಹಣ ಬಟ್ಟೆಯ ಲೆಕ್ಕಕ್ಕೆ ಬರುತ್ತದೆ. ಬ್ಯಾಂಕು ಒಪ್ಪಿದರೆ ಆಯಿತು. ಅಲೆದಾಡಿದ ಮೇಲೆ ಬ್ಯಾಂಕು ಒಪ್ಪಿತು. ನಿಲ್ಮಿನಿ ಮಾದರಿ ಕಳಿಸಿದಳು. ನಾನೂ ವೈನಿಯೂ ಅದನ್ನು ಹಿಡಿದು ಕೊಲ್ಹಾಪುರಕ್ಕೆ ಹೋದೆವು.

ವ್ಯಾಪಾರಿ ಪೊಟ್ಟಣ ಬಿಚ್ಚಿ, ಸಿಗಾರಿನಂತೆ ಸುರುಳಿ ಸುತ್ತಿದ ತೆಳು ತೊಗಟೆಯನ್ನು ಬೆರಳಲ್ಲಿ ಪುಡಿಮಾಡಿ ಮೂಸಿ, “ಹೀ ದಾಲಚಿನೀ ನಾಹೀ ವೈನಿ, ಹಾ ಕಾಗದ ಆಹೇ,” ಎಂದುಬಿಟ್ಟ. ಇದು ದಾಲ್ಚಿನ್ನಿಯಲ್ಲ, ಕಾಗದ! ಇಲ್ಲಿಯವರ ಮಸಾಲೆಗೆ ಬೀಳುವುದು ದಪ್ಪ ತೊಗಟೆ, ನಾಲಿಗೆ ಸುಡುವ ಘಾಟು. ಲಂಕೆಯದು ನಯ, ಸಿಹಿ. ನಾನು ಎದ್ದು ನಿಂತೆ. ರಾಜತಂತ್ರದಲ್ಲಿ ಇದನ್ನು ಗೌರವಯುತ ನಿರ್ಗಮನ ಎನ್ನುತ್ತಾರೆ. ವೈನಿ ಕುಳಿತೇ ಇದ್ದರು.

“ಒಂದ್ ಕಪ್ ಚಹಾ ತರಸ್ರಿ,” ಎಂದರು.

ಚಹಾ ಬಂತು. ತುಂಡು ತೊಗಟೆ ಅದರಲ್ಲಿ ಹಾಕಿ ಮುಚ್ಚಿಟ್ಟು, ಆಮೇಲೆ ವ್ಯಾಪಾರಿಯ ಮುಂದೆ ಸರಿಸಿದರು. ಅವನು ಕುಡಿದ. ಇನ್ನೊಂದು ಗುಟುಕು ಕುಡಿದ. “ಚಟ್ನಿ ಮಸಾಲಿಗೆ ನಡ್ಯೂದಿಲ್ಲ. ಚಹಾದ ಮಸಾಲಿಗೆ ಮಾತ್ರ ಭಾರೀ ಐತಿ. ಕಳಸಾಕ ಹೇಳ್ರಿ,” ಎಂದು ಈಗ ಕನ್ನಡದಲ್ಲೇ ಹೇಳಿದ.

ಇನ್ನುಳಿದದ್ದು ನಂಬಿಕೆಯ ಪ್ರಶ್ನೆ. ಮೊದಲು ಅವರ ಮಾಲು ಬರಲಿ ಎಂದು ಅಣ್ಣ. ಶಾಲೆ ತೆರೆಯುವುದರೊಳಗೆ ಬಟ್ಟೆ ಮುಟ್ಟಬೇಕೆಂದು ವೈನಿ. ವೈನಿ ಗೆದ್ದರು, ಬಟ್ಟೆ ಹೋಯಿತು. ಹೋದದ್ದೇ ತಡ, ಆ ಕಡೆಯ ಫೋನು ಮೂಕವಾಯಿತು. ಟೀವಿಯಲ್ಲಿ ಅಲ್ಲಿನ ಬೀದಿಗಳ ಜನಸಾಗರ, ಕತ್ತಲು ಕವಿದ ಊರುಗಳು. ಅಣ್ಣ ಲೆಕ್ಕದ ಪುಸ್ತಕ ತೆರೆದು ಮತ್ತೆ ಮುಚ್ಚಿಡುತ್ತಿದ್ದ. ವೈನಿ ದಿನವೂ ನನಗೆ ಫೋನು ಮಾಡುತ್ತಿದ್ದರು; ಮಾಲಿನ ಬಗ್ಗೆ ಕೇಳುತ್ತಿರಲಿಲ್ಲ. “ಅಕೀಗೇನೂ ಆಗಿಲ್ಲ ಹೌದಲ್ರಿ?” ಎಂದಷ್ಟೇ ಕೇಳುತ್ತಿದ್ದರು. ಜಗತ್ತಿನ ಆಗುಹೋಗು ವಿಶ್ಲೇಷಿಸುವ ನಾನು ಫೋನಿಟ್ಟು ಮತ್ತೆ ಟೀವಿ ಹಾಕುತ್ತಿದ್ದೆ.

ಸಂಕಿರಣದ ದಿನ ಬಂತು. ವೇದಿಕೆಯ ಮೇಲೆ ‘ಸಹಭಾಗಿತ್ವ’ದ ಹತ್ತಿರ ತಲುಪಿದಾಗ ಜೇಬಿನಲ್ಲಿ ಮೊಬೈಲು ನಡುಗಿತು. ಸಭಾಮರ್ಯಾದೆ ಮರೆತು ನೋಡಿದೆ. ವೈನಿ ಕಳಿಸಿದ ಚಿತ್ರ: ವ್ಯಾಪಾರಿಯ ಅಂಗಡಿಯ ಮುಂದೆ ದಾಲ್ಚಿನ್ನಿಯ ಗಂಟುಗಳು, ಪಕ್ಕದಲ್ಲಿ ಅಣ್ಣ. ಕೆಳಗೆ ವೈನಿಯ ದನಿಯ ಸಂದೇಶ. ಕಿವಿಗಿಟ್ಟುಕೊಂಡೆ. “ಭಾವುಜಿ, ಮಾಲು ಬಂತ್ರಿ! ಅಕೀನೂ ಫೋನ್ ಮಾಡಿದ್ಲು. ಆರಾಮ ಅದಾಳ್ರಿ!”

ಉಳಿದ ಹಾಳೆಗಳನ್ನು ಮಡಚಿಟ್ಟೆ. ‘ಆದಾನ–ಪ್ರದಾನ ಎರಡರ ಒಳಗೂ ದಾನ ಅಡಗಿದೆ, ಆದರೆ ಅಲ್ಲಿ ಅದು ಯಾರ ತಲೆಯನ್ನೂ ತಗ್ಗಿಸುವುದಿಲ್ಲ’ ಎಂದಷ್ಟು ಹೇಳಿ ಕುಳಿತೆ. ದೊಡ್ಡ ಚಪ್ಪಾಳೆ ಬಿತ್ತು. ಮಾತಿಗೋ, ಬೇಗ ಮುಗಿಸಿದ್ದಕ್ಕೋ ನಾನು ವಿಚಾರಿಸಲಿಲ್ಲ.

ಶಾಲೆ ತೆರೆದ ಕೆಲವು ವಾರಗಳಿಗೆ ಮತ್ತೆ ಕರೆ. ನಿಲ್ಮಿನಿ ಮೊಬೈಲನ್ನು ಅಂಗಳಕ್ಕೆ ತಿರುಗಿಸಿದಳು. ಬಿಳಿ ಅಂಗಿಯ ಮಕ್ಕಳು ನಮ್ಮತ್ತ ಕೈಬೀಸಿದರು. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೃತಜ್ಞತೆಯ ಮಾತನ್ನು ಘನವಾಗಿ ಅನುವಾದಿಸಲು ನಾನು ಸಿದ್ಧನಾಗುತ್ತಿದ್ದಂತೆ ನಿಲ್ಮಿನಿ ಒಂದು ತುಂಡು ಬಟ್ಟೆ ಎತ್ತಿ ತೋರಿಸಿ ದೂರತೊಡಗಿದಳು: ಅಂಚು ಜಗ್ಗಿದೆ, ಹೊಲಿಗೆ ನೇರ ಬರುವುದಿಲ್ಲ, ಮುಂದಿನ ಸಲ ಹೀಗಾದರೆ ದರ ಇಳಿಸಲೇಬೇಕು.

ಅಂಜುತ್ತಲೇ ದಾಟಿಸಿದೆ.

“ಕಿನಾರಿ ಜಗ್ಗಿಲ್ಲಂತ ಹೇಳ್ರಿ!” ವೈನಿ ಸೊಂಟಕ್ಕೆ ಸೆರಗು ಸಿಕ್ಕಿಸಿದರು. “ಅಕೀ ಇಸ್ತ್ರಿ ಮಾಡೂದ ಸರಿ ಇಲ್ಲ. ದರದ ಮಾತ ಆಡಬ್ಯಾಡ ಅನ್ರಿ!”

ಆ ಕಡೆಯ ದನಿ ಏರಿತು, ಈ ಕಡೆಯದೂ ಏರಿತು. ಸ್ವಲ್ಪ ಹೊತ್ತಿಗೆ ನನ್ನನ್ನು ಕಾಯುವುದನ್ನೇ ಬಿಟ್ಟು, ಒಬ್ಬಳು ಸಿಂಹಳದಲ್ಲಿ, ಇನ್ನೊಬ್ಬರು ಕನ್ನಡದಲ್ಲಿ ಬಟ್ಟೆ ತೋರಿಸಿ ತೋರಿಸಿ ವಾದಿಸತೊಡಗಿದರು. ಪುಕ್ಕಟೆ ಬಂದ ಬಟ್ಟೆಯ ಅಂಚನ್ನು ಯಾರು ತಾನೇ ಹೀಗೆ ಎಳೆದು ನೋಡುತ್ತಾರೆ? ನಾನು ನೆಮ್ಮದಿಯಿಂದ ಗೋಡೆಗೊರಗಿದೆ.

ಗಲಾಟೆ ಕೇಳಿ ಅಣ್ಣ ಮಗ್ಗದ ಮನೆಯಿಂದ ಬಂದ. “ಏನಾತೋ?”

“ಮುಂದಿನ ವರ್ಷದ ದರಕ್ಕ ಜಗಳಾಡಾಕತ್ತಾರ.”

ಅಣ್ಣ ಒಂದು ಕ್ಷಣ ಇಬ್ಬರನ್ನೂ ನೋಡಿ ನಕ್ಕ. “ಹಂಗಾದ್ರ ಮಗ್ಗಕ್ಕ ಹೊಸ ನೂಲಿನ ಬೀಮ್ ಏರಸಾಕ ಹೇಳ್ತೀನಿ,” ಎಂದು ಹೊರಟ.