ಕರಿನೀರಿಗೆ ಹೋದವನ ಮಗಳು

ಬೆಳಗಾವಿ ಕಡೆಯ ಹಳ್ಳಿಯಿಂದ ಬಂದು ಲಂಡನ್ನಿನ ಹೌನ್ಸ್ಲೋದ ನಮ್ಮ ಮನೆಯಲ್ಲಿದ್ದ ಅಜ್ಜಿ ತನ್ನ ಅಪ್ಪನ ಬಗ್ಗೆ ಹೇಳುತ್ತಿದ್ದುದು ಒಂದೇ ಮಾತು: “ಕರಿನೀರಿಗೆ ಹೋದ.” ಜೀವಾವಧಿ ಶಿಕ್ಷೆಯಾದವರನ್ನು ಹಡಗಿನಲ್ಲಿ ಅಂಡಮಾನಿಗೆ ಸಾಗಿಸುತ್ತಿದ್ದ ಕಾಲದ ಮಾತು ಅದು. ಅಜ್ಜಿಗೆ ಆಗ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲವಂತೆ.

ಆ ಮಾತಿಗೆ ಅರ್ಥ ಹಚ್ಚಿದ್ದು ನನ್ನ ಅಪ್ಪ. ಅಂಡಮಾನ್ ಎಂದರೆ ದೇಶಕ್ಕಾಗಿ ಜೈಲು ಕಂಡವರ ಜಾಗ ಎಂದು ಅವರು ಶಾಲೆಯಲ್ಲಿ ಕಲಿತಿದ್ದರು. ಇಲ್ಲಿಯ ಕನ್ನಡ ಬಳಗದವರಿಗೆಲ್ಲ ಹಾಗೆಂದೇ ಹೇಳಿಯೂ ಇದ್ದರು. ಸ್ವಾತಂತ್ರ್ಯದ ಐವತ್ತನೆಯ ವರ್ಷ ಬಳಗದವರು ಅಜ್ಜಿಗೆ ಶಾಲು ಹೊದಿಸಲು ನಿರ್ಧರಿಸಿದರು.

ಆ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಅಜ್ಜಿ ಕೇಳಿದಳು, “ಯಾತರ ಸಲುವಾಗಿ ಶಾಲು?”

“ನಿಮ್ಮಪ್ಪ ದೇಶದ ಸಲುವಾಗಿ ಕರಿನೀರಿಗೆ ಹೋದ್ನಲ್ಲವ್ವಾ,” ಎಂದರು ಅಪ್ಪ.

“ದೇಶ ಅಂತ ನಾ ಯಾವಾಗ ಅಂದೆ? ಹೊಲದ ಬದುವಿನ ಜಗಳ. ದಾಯಾದಿನ್ನ ಕೊಡ್ಲೀಲೆ ಕಡದ.”

ಅಪ್ಪ ಕಪ್ಪನ್ನು ಕೆಳಗಿಟ್ಟರು. “ಇಷ್ಟ್ ವರ್ಷ ಯಾಕ ಹೇಳ್ಲಿಲ್ಲ?”

“ನೀ ಕೇಳಿದ್ದೆಲ್ಲಿ? ಊರಿಗೆಲ್ಲಾ ಹೇಳ್ಕೋತ ಹೊಂಟಿದ್ದಿ.”

“ಇವತ್ತೊಂದಿನ ಸುಮ್ಮನಿರು. ಶಾಲು ತಗೊಂಡು ಕೈ ಮುಗದು ಬಾ. ನಾಳೆ ನಾ ಅವರಿಗೆಲ್ಲಾ ಮುಖಾ ತೋರಸಬೇಕು.”

ಅಜ್ಜಿ ಸೀರೆ ಉಡಲು ಎದ್ದಳು. ನಾನು ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ ನನ್ನೊಬ್ಬಳಿಗೇ ಹೇಳಿದಳು: “ಸತ್ತಾವನ ಹೇಣ್ತಿ ಬಳಿ ಒಡಕೊಂಡ್ಲು. ನಮ್ಮವ್ವ ಒಡೀಲಿಲ್ಲ. ಗಂಡ ಸತ್ತ ಸುದ್ದಿನೂ ಇಲ್ಲ, ಬದುಕಿದ ಸುದ್ದಿನೂ ಇಲ್ಲ. ಸಾಯೂತನಕ ನಮ್ಮವ್ವ ಕುಂಕುಮ ಹಚಕೊಂಡು, ಸತ್ತಾವನ ಹೇಣ್ತಿ ನೀರ ಸೇದೂ ಬಾವಿಗೇ ಹೋಗ್ತಿದ್ಲು. ಊರಾಗ ಇನ್ನೊಂದ್ ಬಾವಿ ಎಲ್ಲಿತ್ತು?”

ಸಭಾಂಗಣದಲ್ಲಿ ನನಗೊಂದು ಕೆಲಸವಿತ್ತು. ಮುಂದಿನ ಸಾಲಿನ ಮಕ್ಕಳಿಗೆ ಕನ್ನಡ ಅಷ್ಟಕ್ಕಷ್ಟೇ, ಆದ್ದರಿಂದ ಹಿರಿಯರ ಮಾತನ್ನು ನಾನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಬಳಗದ ಅಧ್ಯಕ್ಷರು ಬೆಂಗಳೂರಿನವರು. “ಬನ್ನಿ ಅಜ್ಜಿ, ನಿಮ್ಮ ತಂದೆಯವರ ಬಗ್ಗೆ ಎರಡೇ ಎರಡು ಮಾತು” ಎಂದು ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದರು.

“ನಮ್ಮಪ್ಪ ಕರಿನೀರಿಗೆ ಹೋದ,” ಎಂದಳು ಅಜ್ಜಿ. ಚಪ್ಪಾಳೆ ಬಿತ್ತು. ಅದು ನಿಲ್ಲುವವರೆಗೆ ಕಾದಳು. “ದೇಶದ ಸಲುವಾಗಿ ಅಲ್ರೀ. ಒಬ್ಬಾವನ್ನ ಕೊಂದು ಹೋದ. ಆ ಶಾಲು ಸತ್ತಾವನ ಮನೀಗೆ ಸಲ್ಲಬೇಕು, ನಮಗಲ್ಲ.”

ಮೈಕು ನನ್ನ ಕೈಗೆ ಬಂತು. ಎರಡನೆಯ ಸಾಲಿನಲ್ಲಿದ್ದ ಅಪ್ಪ ನನ್ನನ್ನೇ ನೋಡುತ್ತಿದ್ದರು. ಆ ಶಿಕ್ಷೆಗೆ ಇಂಗ್ಲಿಷಿನಲ್ಲಿರುವ ಹೆಸರು ಟ್ರಾನ್ಸ್‌ಪೋರ್ಟೇಶನ್. ಹತ್ತಿರದ ಹೇಸ್‌ನಲ್ಲಿ ಅಪ್ಪ ಕೆಲಸ ಮಾಡುವ ಗೋದಾಮಿನ ಲಾರಿಗಳ ಮೇಲೂ ಹೆಚ್ಚುಕಡಿಮೆ ಅದೇ ಪದವಿತ್ತು. ಅಜ್ಜಿಯ ಅಪ್ಪನನ್ನು ದೂರದ ದ್ವೀಪಕ್ಕೆ ಟ್ರಾನ್ಸ್‌ಪೋರ್ಟ್ ಮಾಡಿದರು ಎಂದಷ್ಟೇ ಹೇಳಿ ಮೈಕನ್ನು ಹಿಂದಿರುಗಿಸಬಹುದಿತ್ತು. ಮಕ್ಕಳಿಗೆ ಏನೂ ತಿಳಿಯುತ್ತಿರಲಿಲ್ಲ. ದೊಡ್ಡವರು ಅಜ್ಜಿಗೆ ವಯಸ್ಸಾಯಿತು ಎಂದುಕೊಳ್ಳುತ್ತಿದ್ದರು. ಅಪ್ಪ ಬಯಸಿದ್ದೂ ಅದನ್ನೇ ಇರಬೇಕು.

ನಾನು ಅಜ್ಜಿ ಹೇಳಿದಷ್ಟನ್ನೂ ಹೇಳಿದೆ. ಕೊಂದ ಎಂಬುದಕ್ಕೆ ಕೊಂದ ಎಂದೇ ಹೇಳಿದೆ.

ಅಧ್ಯಕ್ಷರು ಶಾಲನ್ನು ಬಿಚ್ಚಿ ಹಿಡಿದು ನಿಂತಿದ್ದರು. ಕೊನೆಗೆ, “ಇರಲಿ, ಅಜ್ಜಿಯ ವಯಸ್ಸಿಗೆ ನಮ್ಮ ಗೌರವ” ಎಂದು ಹೊದಿಸಿಯೇಬಿಟ್ಟರು. ಊಟದ ಸಾಲಿನಲ್ಲಿ ನಮ್ಮ ಪಕ್ಕದವರು ಪುಳಿಯೋಗರೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು.

ಬಸ್ಸಿನಲ್ಲಿ ಅಪ್ಪ ನಮ್ಮ ಮುಂದಿನ ಸೀಟಿನಲ್ಲಿ ಒಬ್ಬರೇ ಕೂತರು. ಎಷ್ಟೋ ಸ್ಟಾಪು ಕಳೆದ ಮೇಲೆ, ತಿರುಗದೆಯೇ, “ಇನ್ನ ನಾ ಹ್ಯಾಂಗ ಮುಖಾ ತೋರಸ್ಲಿ ಅವ್ವಾ?” ಎಂದರು.

“ನಮ್ಮವ್ವ ತೋರಸ್ತಿದ್ಲು,” ಎಂದಳು ಅಜ್ಜಿ. “ದಿನಾ. ಕೊಡಾ ಹೊತ್ಕೊಂಡು.”

ಅಜ್ಜಿ ಶಾಲನ್ನು ತೆಗೆದು ಮಡಚಿ ನನ್ನ ತೊಡೆಯ ಮೇಲಿಟ್ಟಳು. ಅದರ ಜರಿ ಒರಟಾಗಿತ್ತು. ನಮ್ಮ ಸ್ಟಾಪು ಬಂದಾಗ ಇಳಿಯಲು ಅವಳು ನನ್ನತ್ತ ಕೈ ಚಾಚಲಿಲ್ಲ, ಅಪ್ಪನತ್ತ ಚಾಚಿದಳು. ಅಪ್ಪ ಸ್ವಲ್ಪ ತಡೆದು ಹಿಡಿದುಕೊಂಡರು.